ಕ್ಯಾಂಪ್ ಹೇಲ್‌ನ ನೆಟ್ಟಗಿನ ನದಿ

ಬೆಟ್ಟದ ನದಿ ನೆಟ್ಟಗೆ ಹರಿಯುವುದಿಲ್ಲ. ಕಾವೇರಿಯ ದಂಡೆಯ ಕುಶಾಲನಗರದಲ್ಲಿ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದ್ದರಿಂದಲೇ ಕೊಲರಾಡೊದ ರಾಕಿ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ 9,200 ಅಡಿ ಎತ್ತರದ ಹುಲ್ಲುಗಾವಲೊಂದರಲ್ಲಿ ಈಗಲ್ ನದಿಯನ್ನು ಮೊದಲ ಸಲ ಕಂಡಾಗ ನಾನು ಕಾರು ನಿಲ್ಲಿಸಿ ಇಳಿದೆ. ಸುತ್ತ ನಾಲ್ಕೂ ಕಡೆ ಪೈನ್ ಮರಗಳ ಕಡಿದಾದ ಬೆಟ್ಟಗಳಿದ್ದವು. ನಡುವೆ ತಟ್ಟೆಯಂತೆ ಸಮತಟ್ಟಾದ ಕಣಿವೆ. ಆ ಕಣಿವೆಯ ಉದ್ದಕ್ಕೂ ನದಿಯು ನಮ್ಮೂರ ಗದ್ದೆಬಯಲಿನ ನಾಲೆಯ ಹಾಗೆ, ದಾರ ಹಿಡಿದು ಗೆರೆ ಹಾಕಿದಂತೆ ಹರಿಯುತ್ತಿತ್ತು. ಆ ನದಿಯನ್ನು ಹಾಗೆ ಹರಿಯಬೇಕೆಂದು ಕಟ್ಟುಮಾಡಿದ್ದು 1942ರಲ್ಲಿ, ಒಂದು ಯುದ್ಧ.

ಡೆನ್ವರ್‌ನಿಂದ ಎರಡೂವರೆ ಗಂಟೆಯ ದಾರಿ ಅದು. ರೆಡ್ ಕ್ಲಿಫ್ ಎಂಬ ಪುಟ್ಟ ಗಣಿ ಊರನ್ನು ದಾಟಿ, ಲೆಡ್‌ವಿಲ್ ಕಡೆಗೆ ಏರುವ 24ನೇ ಹೆದ್ದಾರಿಯಲ್ಲಿ ಪ್ಯಾಂಡೋ ಕಣಿವೆ ಎದುರಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿದ್ದ ಸೇನಾ ತರಬೇತಿ ಶಿಬಿರದ ಹೆಸರು ಕ್ಯಾಂಪ್ ಹೇಲ್. ಕೊಲರಾಡೊದವರೇ ಆದ ಬ್ರಿಗೇಡಿಯರ್ ಜನರಲ್ ಅರ್ವಿಂಗ್ ಹೇಲ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದರು. ಈಗ ಅಲ್ಲಿ ಹುಲ್ಲು, ರಸ್ತೆಗಳ ಚೌಕುಳಿಯ ಗುರುತು, ಒಂದಷ್ಟು ಕಾಂಕ್ರೀಟ್ ಅಡಿಪಾಯ ಮತ್ತು ಹಿಂದೆ ದೊಡ್ಡ ಕಟ್ಟಡವೊಂದನ್ನು ಹೊತ್ತಿದ್ದ ಬೋಳು ಗೋಡೆಗಳು ಉಳಿದಿವೆ. ಇವನ್ನು ನೋಡಲು ನಾನು ನಾಲ್ಕು ಬಾರಿ ಹೋಗಿಬಂದಿದ್ದೇನೆ. ಮೊದಲೆರಡು ಸಲ ಅಮೆರಿಕದ ಸೈನಿಕರ ಚರಿತ್ರೆಗಾಗಿ ಹೋದೆ. ಆಮೇಲಿನದು ನನ್ನ ಊರಿನ ಕಾರಣಕ್ಕೆ.

ಶಿಬಿರದ ಮೂಲ ಅಮೆರಿಕದಲ್ಲಿ ಇಲ್ಲ, ಫಿನ್‌ಲ್ಯಾಂಡಿನಲ್ಲಿದೆ. 1939ರ ನವೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಆ ಸಣ್ಣ ದೇಶದ ಮೇಲೆ ನುಗ್ಗಿದಾಗ, ಬಿಳಿಯ ಮೇಲಂಗಿ ತೊಟ್ಟು, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳ ಮೇಲೆ ಸದ್ದಿಲ್ಲದೆ ಬರುತ್ತಿದ್ದ ಫಿನ್ನಿಷ್ ತುಕಡಿಗಳು ಸುವೊಮುಸ್ಸಲ್ಮಿಯ ಕಾಡಿನಲ್ಲಿ ತಮಗಿಂತ ಎಷ್ಟೋ ಪಟ್ಟು ದೊಡ್ಡದಾದ ಸೇನೆಯನ್ನು ತುಂಡು ತುಂಡಾಗಿ ಕತ್ತರಿಸಿ ಹಾಕಿದವು. ಆ ಸುದ್ದಿಯನ್ನು ಓದಿದವರಲ್ಲಿ ಚಾರ್ಲ್ಸ್ ಮೈನಟ್ ಡೋಲ್ ಒಬ್ಬರು. ಇವರು ಸೈನಿಕರಲ್ಲ, ವಿಮೆಯ ವ್ಯವಹಾರದಲ್ಲಿದ್ದವರು, ಸ್ಕೀಯಿಂಗ್‌ನಲ್ಲಿ ಗಾಯಗೊಂಡವರನ್ನು ಕಾಪಾಡುವ ನ್ಯಾಷನಲ್ ಸ್ಕೀ ಪೆಟ್ರೋಲ್ ಎಂಬ ಸಂಸ್ಥೆಯನ್ನು 1938ರಲ್ಲಿ ಕಟ್ಟಿದವರು. ಹಿಮದಲ್ಲಿ ಹೋರಾಡಬಲ್ಲ ಒಂದು ಪಡೆಯೂ ಅಮೆರಿಕದ ಬಳಿ ಇಲ್ಲವೆಂದು ಅವರು ಸೇನಾ ಕಚೇರಿಗೆ ಮೇಲಿಂದ ಮೇಲೆ ಎಡತಾಕಿದರು. ಸೈನಿಕನಿಗೆ ಸ್ಕೀ ಕಲಿಸುವುದಕ್ಕಿಂತ ಸ್ಕೀ ಬಲ್ಲವನನ್ನು ಸೈನಿಕನನ್ನಾಗಿ ಮಾಡುವುದು ಸುಲಭ ಎಂಬುದು ಅವರ ವಾದದ ತಿರುಳು. ಕಡೆಗೆ 1941ರ ನವೆಂಬರ್ 15ರಂದು, ಪರ್ಲ್ ಹಾರ್ಬರ್ ದಾಳಿಗೆ ಮೂರು ವಾರ ಮೊದಲು, ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್‌ನಲ್ಲಿ 87ನೇ ಪರ್ವತ ಪದಾತಿ ರೆಜಿಮೆಂಟ್ ಹುಟ್ಟಿತು. ಸೇರಬಯಸುವವನು ತಾನು ಬೆಟ್ಟ, ಹಿಮ, ಕಾಡುಗಳಲ್ಲಿ ಬದುಕಬಲ್ಲೆ ಎನ್ನುವುದಕ್ಕೆ ಮೂವರಿಂದ ಶಿಫಾರಸು ಪತ್ರ ತರಬೇಕಾಗಿತ್ತು. ಸೇನೆಗೆ ಆಳು ಆರಿಸುವ ಕೆಲಸವನ್ನು ನಾಗರಿಕರ ಒಂದು ಕ್ರೀಡಾ ಸಂಸ್ಥೆಗೆ ವಹಿಸಿದ್ದು ಅಮೆರಿಕದ ಚರಿತ್ರೆಯಲ್ಲೇ ಅಪರೂಪದ ಸಂಗತಿ.

ಇಂಥವರಿಗೆ ಇಂಥದೇ ಜಾಗ ಬೇಕಾಗಿತ್ತು. ವರ್ಷದ ಬಹುಪಾಲು ಹಿಮ ನಿಲ್ಲಬೇಕು, ಸುತ್ತ ಕಡಿದಾದ ಬಂಡೆಗಳಿರಬೇಕು, ಜತೆಗೆ ರೈಲು ಹಾದುಹೋಗಬೇಕು. ಈ ಮೂರೂ ಕೂಡಿದ್ದು ಪ್ಯಾಂಡೋದಲ್ಲಿ. ಆದರೆ ಕಣಿವೆಯ ನೆಲ ಮಾತ್ರ ಜೌಗು. ನದಿ ಅದರ ತುಂಬ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತಿತ್ತು. 1942ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿದ ಕಾರ್ಮಿಕರು ಬೆಟ್ಟದ ಬದಿಯ ಮಣ್ಣನ್ನು ಅಗೆದು ತಂದು ಜೌಗನ್ನು ತುಂಬಿದರು, ನದಿಯನ್ನು ಅದರ ಪಾತ್ರದಿಂದ ಎಬ್ಬಿಸಿ ನೇರ ಕಾಲುವೆಗೆ ಇಳಿಸಿದರು, ನವೆಂಬರ್ ಹೊತ್ತಿಗೆ ಸುಮಾರು 3 ಕೋಟಿ ಡಾಲರ್ ವೆಚ್ಚದಲ್ಲಿ ಸಾವಿರದಷ್ಟು ಕಟ್ಟಡಗಳನ್ನು ನಿಲ್ಲಿಸಿದರು. ಏಳು ತಿಂಗಳಲ್ಲಿ ಸುಮಾರು 15,000 ಜನರ ಒಂದು ಪಟ್ಟಣ ಎದ್ದಿತು: ವಸತಿಸಾಲು, ಆಸ್ಪತ್ರೆ, ಸಿನಿಮಾ ಮಂದಿರ, ಪ್ರಾರ್ಥನಾಲಯ, ಹೇಸರಗತ್ತೆಗಳ ಲಾಯ. ಬಂದೂಕು, ಫಿರಂಗಿಯ ಬಿಡಿಭಾಗ, ಆಹಾರ ಎಲ್ಲವನ್ನೂ ಬೆಟ್ಟಕ್ಕೆ ಹೊರುತ್ತಿದ್ದುದು ಆ ಹೇಸರಗತ್ತೆಗಳೇ.

ಪಟ್ಟಣ ಕಟ್ಟಿದವರು ಗಾಳಿಯ ಬಗ್ಗೆ ಯೋಚಿಸಿರಲಿಲ್ಲ. ಚಳಿಗಾಲದಲ್ಲಿ ಬಟ್ಟಲಿನಂಥ ಆ ಕಣಿವೆಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತುಬಿಡುತ್ತದೆ. ಕೆಳಗಿನ ತಣ್ಣನೆಯ ಗಾಳಿಗೆ ಹೊರಹೋಗಲು ದಾರಿಯಿಲ್ಲ. ನೂರಾರು ಕಲ್ಲಿದ್ದಲ ಒಲೆಗಳ ಹೊಗೆ, ಟೆನೆಸಿ ಕಣಿವೆದಾರಿಯನ್ನು ಏರಲು ಏದುಸಿರು ಬಿಡುವ ಉಗಿಬಂಡಿಗಳ ಹೊಗೆ ಎಲ್ಲ ಅಲ್ಲೇ ನಿಲ್ಲುತ್ತಿತ್ತು. ಬಿಳಿಯ ಹಿಮ ಕಪ್ಪಾಗುತ್ತಿತ್ತು. ಅಲ್ಲಿದ್ದ ಬಹುತೇಕ ಎಲ್ಲರಿಗೂ ಹತ್ತಿಕೊಂಡ ಒಣಕೆಮ್ಮಿಗೆ ಸೈನಿಕರು ಪ್ಯಾಂಡೋ ಕೆಮ್ಮು ಎಂದೇ ಹೆಸರಿಟ್ಟಿದ್ದರು. ಶುದ್ಧ ಗಾಳಿಯ ಬೆಟ್ಟವನ್ನು ಹುಡುಕಿಕೊಂಡು ಬಂದ ಗಟ್ಟಿಮುಟ್ಟಾದ ಹುಡುಗರು ಶತ್ರುವನ್ನು ನೋಡುವ ಮೊದಲೇ ಕೆಮ್ಮಿ ಕೆಮ್ಮಿ ಆಸ್ಪತ್ರೆ ಸೇರಿದರು.

ತರಬೇತಿ ಕಠಿಣವಾಗಿತ್ತು, ಆದರೆ ಅಷ್ಟೇ ಅಲ್ಲ. ಕಲಿಸುವವರಿಗೂ ಪಾಠ ಪೂರ್ತಿ ಗೊತ್ತಿರಲಿಲ್ಲ ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಏಳು ಅಡಿಗೂ ಉದ್ದನೆಯ ಬಿಳಿ ಬಣ್ಣದ ಸ್ಕೀ ಕಾಲಿಗೆ, ನಲವತ್ತು ಕಿಲೋ ತೂಗುವ ಗಂಟು ಬೆನ್ನಿಗೆ. ಇಷ್ಟನ್ನು ಹೊತ್ತು ಬೆಟ್ಟ ಏರುವ ಸೈನ್ಯವನ್ನು ಆ ದೇಶದಲ್ಲಿ ಅಲ್ಲಿಯವರೆಗೆ ಯಾರೂ ನಡೆಸಿರಲಿಲ್ಲ. ಡೇರೆ, ಮಲಗುಚೀಲ, ಸ್ಟೌ, ಬೂಟು ಎಲ್ಲವೂ ಆಗತಾನೆ ರೂಪುಗೊಳ್ಳುತ್ತಿದ್ದವು. ಸೆಣಬಿನ ಹಗ್ಗದ ಬದಲು ನೈಲಾನ್ ಹಗ್ಗವನ್ನು ಬಂಡೆ ಹತ್ತಲು ಬಳಸಿದ್ದೂ ಆ ಕಾಲದ ಪ್ರಯೋಗವೇ. ಬಿದ್ದವನ ಭಾರಕ್ಕೆ ಹಿಗ್ಗಿ ಜೀವ ಉಳಿಸುವ ಆ ಹಗ್ಗ ಇಂದು ಪ್ರಪಂಚದೆಲ್ಲೆಡೆ ಬಂಡೆ ಹತ್ತುವವರ ಸೊಂಟದಲ್ಲಿದೆ. 1943ರ ಫೆಬ್ರವರಿಯಲ್ಲಿ ಹೋಮ್‌ಸ್ಟೇಕ್ ಶಿಖರದ ಕಡೆಗೆ ನಡೆಸಿದ ಮೊದಲ ದೊಡ್ಡ ಕವಾಯತು ಸೋತಿತು: ಗಂಟು ವಿಪರೀತ ಭಾರವಾಯಿತು, ಚಳಿಗೆ ಬೆರಳುಗಳು ಮರಗಟ್ಟಿದವು, ಹಲವರನ್ನು ಕೆಳಗೆ ಹೊತ್ತು ತರಬೇಕಾಯಿತು. ಫಿರಂಗಿಯ ಗುಂಡಿನಿಂದ ಹಿಮಕುಸಿತವನ್ನು ಬೇಕೆಂದೇ ಬೀಳಿಸುವುದು ಹೇಗೆಂದು ಕಲಿತದ್ದು ಮಾತ್ರ ಅಲ್ಲಿಯ ಲಾಭ. ಮುಂದೆ 85, 86 ಮತ್ತು 87ನೇ ರೆಜಿಮೆಂಟ್‌ಗಳನ್ನು ಒಳಗೊಂಡು 10ನೇ ಪರ್ವತ ಡಿವಿಷನ್ ಎಂದು ಹೆಸರಾದ ಸೇನಾ ಡಿವಿಷನ್ 1943ರ ಜುಲೈ 15ರಂದು ಅಧಿಕೃತವಾಗಿ ಜನಿಸಿತು. ಮರುವರ್ಷದ ಮಾರ್ಚ್ ಕೊನೆಯಲ್ಲಿ ಇಡೀ ಡಿವಿಷನ್ ವಾರಗಟ್ಟಲೆ ಬೆಂಕಿಯಿಲ್ಲದೆ, ಸೂರಿಲ್ಲದೆ ಹಿಮದಲ್ಲಿ ಕಳೆಯಿತು. ಡಿ-ಸೀರೀಸ್ ಎಂದು ಕರೆದ ಆ ಕವಾಯತನ್ನು ಪಾರಾದವರು, ಆಮೇಲಿನ ಯುದ್ಧಕ್ಕಿಂತ ಅದೇ ಕಷ್ಟವಾಗಿತ್ತೆಂದು ಜೀವನವಿಡೀ ಹೇಳುತ್ತಿದ್ದರು.

ಎಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರ ಶಿಬಿರವೂ ಇದೇ ಕಣಿವೆಯಲ್ಲಿತ್ತು. ಜರ್ಮನಿಯ ಕಡೆ ಒಲವಿದೆಯೆಂದು ಶಂಕಿತರಾದ ಅಮೆರಿಕನ್ ಸೈನಿಕರನ್ನೇ ಸೇರಿಸಿ ಮಾಡಿದ ಒಂದು ಕಂಪನಿಯನ್ನೂ ಸೇನೆ ಯಾವ ಲೆಕ್ಕಾಚಾರದಿಂದಲೋ ಅಲ್ಲೇ ತಂದಿಟ್ಟಿತ್ತು. ಅದರಲ್ಲಿದ್ದ ಹಾರ್ವರ್ಡ್ ಪದವೀಧರ ಡೇಲ್ ಮೇಪಲ್ 1944ರ ಫೆಬ್ರವರಿಯಲ್ಲಿ ಇಬ್ಬರು ಜರ್ಮನ್ ಕೈದಿಗಳನ್ನು ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಮೆಕ್ಸಿಕೊ ಗಡಿ ದಾಟಿಬಿಟ್ಟ. ಗಡಿಯಾಚೆಗೆ ಮೆಕ್ಸಿಕೊದ ಅಧಿಕಾರಿಯೊಬ್ಬರ ಕೈಗೆ ಸಿಕ್ಕಿಬಿದ್ದ. ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ಜೀವಾವಧಿಗೆ ಇಳಿಸಿದರು.

ಇಷ್ಟೆಲ್ಲ ಕಲಿತ ಸೈನ್ಯವನ್ನು ಎಲ್ಲಿ ಬಳಸುವುದೆಂದು ಮೇಲಿನವರಿಗೆ ತೋಚಲಿಲ್ಲ. 1943ರ ಆಗಸ್ಟ್‌ನಲ್ಲಿ 87ನೇ ರೆಜಿಮೆಂಟನ್ನು ಅಲಾಸ್ಕದ ಆಚೆಗಿನ ಕಿಸ್ಕಾ ದ್ವೀಪದ ಮೇಲೆ ಇಳಿಸಿದರು. ಜಪಾನೀಯರು ಎರಡು ವಾರ ಮೊದಲೇ ಮಂಜಿನ ಮರೆಯಲ್ಲಿ ದ್ವೀಪವನ್ನು ತೆರವು ಮಾಡಿ ಹೋಗಿದ್ದರು. ಅದೇ ಮಂಜಿನಲ್ಲಿ ಅಮೆರಿಕನ್ನರು ಅಮೆರಿಕನ್ನರ ಮೇಲೆಯೇ ಗುಂಡು ಹಾರಿಸಿದರು. ಎದುರಾಳಿಯೇ ಇಲ್ಲದ ಯುದ್ಧದಲ್ಲಿ ಹುಡುಗರು ಸತ್ತರು. 1944ರ ಜೂನ್‌ನಲ್ಲಿ ಡಿವಿಷನ್ ಕ್ಯಾಂಪ್ ಹೇಲ್ ಬಿಟ್ಟಿತು. ಹೋದದ್ದು ಟೆಕ್ಸಾಸಿನ ಉರಿಬಿಸಿಲಿಗೆ, ಬಯಲುಸೀಮೆಗೆ.

ಇಟಲಿಗೆ ಕರೆ ಬಂದಾಗ ಯುದ್ಧ ಮುಗಿಯುವುದಕ್ಕೆ ಆರು ತಿಂಗಳೂ ಉಳಿದಿರಲಿಲ್ಲ. ಉತ್ತರ ಅಪೆನೈನ್ ಬೆಟ್ಟಗಳಲ್ಲಿ ಜರ್ಮನ್ ಸೇನೆ ಬೆಲ್ವೆಡೇರ್ ಎಂಬ ಬೆಟ್ಟವನ್ನು ಹಿಡಿದು ಕೂತಿತ್ತು. ಮಿತ್ರಸೇನೆಯ ಹಿಂದಿನ ಪ್ರಯತ್ನಗಳೆಲ್ಲ ಸೋತಿದ್ದವು. ಪಕ್ಕದ ರೀವಾ ಏಣಿನ ಮೇಲಿನ ಜರ್ಮನ್ ಕಾವಲುಗಾರರಿಗೆ ಬೆಲ್ವೆಡೇರ್ ಏರುವವರ ಒಂದೊಂದು ಹೆಜ್ಜೆಯೂ ಕಾಣುತ್ತಿದ್ದುದೇ ಇದಕ್ಕೆ ಕಾರಣ. ಆದ್ದರಿಂದ ಮೊದಲು ರೀವಾ ಬೀಳಬೇಕು. ಅದರ ಮುಖವೋ ಸಾವಿರದ ಐನೂರು ಅಡಿಗೂ ಮೀರಿದ ಕಡಿದಾದ ಬಂಡೆ, ಮೇಲೆ ಹಿಮ ಮತ್ತು ಗಾಜಿನಂಥ ಮಂಜುಗಡ್ಡೆ. ಅದನ್ನು ಸೈನ್ಯವೊಂದು ಏರಬಹುದೆಂದು ಜರ್ಮನ್ನರು ಎಣಿಸಿಯೇ ಇರಲಿಲ್ಲ. ಹಾಗಾಗಿ ಆ ಬದಿಯ ಕಾವಲು ತೆಳುವಾಗಿತ್ತು. 1945ರ ಫೆಬ್ರವರಿ 18ರ ರಾತ್ರಿ 86ನೇ ರೆಜಿಮೆಂಟಿನ ಏಳೆಂಟು ನೂರು ಮಂದಿ, ಮೊದಲೇ ಗುಟ್ಟಾಗಿ ಹೋಗಿ ಗುರುತಿಸಿ ಹಗ್ಗ ಬಿಗಿದಿದ್ದ ಜಾಡುಗಳಲ್ಲಿ, ಮಾತಿಲ್ಲದೆ, ಬೆಳಕಿಲ್ಲದೆ ಹತ್ತತೊಡಗಿದರು. ಬೆಳಗಾಗುವ ಹೊತ್ತಿಗೆ ಏಣು ಅವರ ಕೈಯಲ್ಲಿತ್ತು. ಮರುರಾತ್ರಿ ಉಳಿದ ಪಡೆಗಳು ಫಿರಂಗಿಯ ಮುನ್ಸೂಚನೆ ಕೊಡದೆ, ಬೆಳಗಿನವರೆಗೆ ಗುಂಡು ಹಾರಿಸಬಾರದೆಂಬ ಆಜ್ಞೆ ಹೊತ್ತು, ಬೆಲ್ವೆಡೇರ್ ಮೇಲೆ ಏರಿಹೋದವು. ರೀವಾದ ಮೇಲೆ ಗಾಯಗೊಂಡವರನ್ನು ಕೆಳಗಿಳಿಸಲು ಎಂಜಿನಿಯರುಗಳು ಉಕ್ಕಿನ ಹಗ್ಗದ ತೂಗುದಾರಿಯೊಂದನ್ನು ಕಟ್ಟಿದರು. ಹಿಂದೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಆ ಇಳಿತ ಅದರಿಂದ ನಿಮಿಷಗಳಿಗೆ ಬಂತು.

ನಾನು ಈ ರಾತ್ರಿಯ ಮೇಲೆ ತುಸು ಹೆಚ್ಚೇ ನಿಂತಿದ್ದರೆ ಅದಕ್ಕೆ ಕಾರಣವಿದೆ. ಎರಡು ಚಳಿಗಾಲ ಕ್ಯಾಂಪ್ ಹೇಲ್‌ನಲ್ಲಿ ಕಲಿಸಿದ ಸ್ಕೀಯಿಂಗ್ ಇಟಲಿಯಲ್ಲಿ ಕೆಲವು ಗಸ್ತುಗಳ ಹೊರತು ಬಳಕೆಗೆ ಬರಲೇ ಇಲ್ಲ. ಕೋಟ್ಯಂತರ ಡಾಲರಿನ ಶಿಬಿರ, ತಿರುಗಿಸಿದ ನದಿ, ಕೆಮ್ಮಿದ ಎದೆಗಳು, ಮರಗಟ್ಟಿದ ಬೆರಳುಗಳು ಇವೆಲ್ಲ ನೇರವಾಗಿ ಫಲಕೊಟ್ಟದ್ದು ಒಂದು ರಾತ್ರಿಯ ಬಂಡೆ ಹತ್ತುವಿಕೆಯಲ್ಲಿ. ಆದರೆ ಆ ಒಂದು ರಾತ್ರಿ ಇಲ್ಲದಿದ್ದರೆ ಬೆಲ್ವೆಡೇರ್‌ನಲ್ಲಿ ಇನ್ನೆಷ್ಟು ಜನ ಸಾಯುತ್ತಿದ್ದರೆಂದು ಯೋಚಿಸಿದರೆ, ಆ ಲೆಕ್ಕವನ್ನು ಖರ್ಚು-ಆದಾಯವೆಂದು ಬರೆಯಲು ನನಗೆ ಮನಸ್ಸು ಬಾರದು. ಡಿವಿಷನ್ 114 ದಿನ ಹೋರಾಡಿತು. ಹತ್ತಿರ ಹತ್ತಿರ ಸಾವಿರ ಮಂದಿ ಸತ್ತರು, ಸುಮಾರು ನಾಲ್ಕು ಸಾವಿರ ಮಂದಿ ಗಾಯಗೊಂಡರು. ನಾರ್ವೆಯಿಂದ ವಲಸೆ ಬಂದು ಅಮೆರಿಕದ ಸ್ಕೀ ಜಿಗಿತದ ದಾಖಲೆ ಬರೆದಿದ್ದ ಟೋರ್ಗರ್ ಟೋಕ್ಲೆ ಮಾರ್ಚ್ 3ರಂದು ಮಡಿದರು. ಟೆನೆಸಿ ಕಣಿವೆದಾರಿಯ ನೆತ್ತಿಯಲ್ಲಿ ನಿಲ್ಲಿಸಿರುವ ಕಲ್ಲಿನ ಸ್ಮಾರಕದಲ್ಲಿ ಸತ್ತವರ ಹೆಸರುಗಳಿವೆ. ಹೆಸರಿನ ಮೇಲೆ ಬೆರಳಾಡಿಸುತ್ತ ಕೆಳಗಿನವರೆಗೆ ಓದುವಷ್ಟರಲ್ಲಿ ಬೇಸಿಗೆಯಲ್ಲೂ ಅಲ್ಲಿಯ ಗಾಳಿಗೆ ಬೆರಳು ಸೆಟೆದುಕೊಳ್ಳುತ್ತದೆ.

ಅದೇ ಇಟಲಿಯಲ್ಲಿ, ಅದೇ ವಸಂತದಲ್ಲಿ, ಪೂರ್ವಕ್ಕೆ ಸೆನಿಯೊ ನದಿಯ ದಂಡೆಯ ಮೇಲೆ ನಮ್ಮ ಬೆಳಗಾವಿಯ ಮರಾಠಾ ಪದಾತಿ ದಳದವರೂ ಹೋರಾಡುತ್ತಿದ್ದರು. ಏಪ್ರಿಲ್ 9ರಂದು ಗಾಯಗೊಂಡ ಸಂಗಡಿಗರನ್ನು ಗುಂಡಿನ ಮಳೆಯ ನಡುವೆ ಹೊತ್ತು ತಂದು, ಮತ್ತೆ ಹಿಂದಿರುಗಿ ಮೆಷಿನ್‌ಗನ್ ನೆಲೆಗಳನ್ನು ಒಬ್ಬರೇ ನಾಶಮಾಡಿದ ನಾಮದೇವ ಜಾಧವ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ರೀವಾ ಏಣಿನ ಕಥೆ ಹೇಳುವಾಗ ಸೆನಿಯೊ ದಂಡೆಯ ಕಥೆಯನ್ನೂ ನಾವು ಹೇಳಬೇಕು. ನಾವಲ್ಲದೆ ಅದನ್ನು ಹೇಳುವವರು ಕಡಿಮೆ.

ಯುದ್ಧ ಮುಗಿದ ಮೇಲೆ ಶಿಬಿರವನ್ನು ಕಟ್ಟಿದಷ್ಟೇ ಬೇಗ ಕಿತ್ತರು. ಬದುಕಿ ಬಂದವರು ಬೆಟ್ಟಕ್ಕೆ ಮರಳಿದರು. ಮೊಣಕಾಲು ಚಿಂದಿಯಾಗಿ ಬಂದ ಪೀಟ್ ಸೈಬರ್ಟ್ 1962ರಲ್ಲಿ ವೇಲ್ ಎಂಬ ಸ್ಕೀ ಊರನ್ನು ತೆರೆದರು, ಫ್ರೀಡ್ಲ್ ಫೈಫರ್ ಆಸ್ಪೆನ್‌ನ ಇಳಿಜಾರುಗಳನ್ನು ಬೆಳೆಸಿದರು. ಇಂದು ಕೊಲರಾಡೊದ ಚಳಿಗಾಲದ ವ್ಯಾಪಾರವೆಲ್ಲ ಈ ಪಡೆಯ ಋಣದಲ್ಲಿದೆ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ, ಅದು ನಿಜ ಕೂಡ. ನಾನು ಮೊದಲೆರಡು ಸಲ ಈ ಕಥೆಯನ್ನಷ್ಟೇ ಕೇಳಿಕೊಂಡು ಮನೆಗೆ ಬಂದಿದ್ದೆ.

ಆದರೆ ಕಣಿವೆ ಖಾಲಿ ಉಳಿಯಲಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅದರ ಒಂದು ಮೂಲೆಗೆ ಬೇಲಿ ಹಾಕಿತು. ಅಲ್ಲಿ ಅಣುಶಕ್ತಿಗೆ ಸಂಬಂಧಿಸಿದ ಪರೀಕ್ಷೆ ನಡೆಯುತ್ತಿದೆಯೆಂದು ಸುತ್ತಲಿನ ಜನರನ್ನು ನಂಬಿಸಲಾಯಿತು. ಒಳಗಿದ್ದವರು ಟಿಬೆಟಿನವರು, ಬಹುಪಾಲು ಪೂರ್ವ ಟಿಬೆಟಿನ ಖಾಂ ಪ್ರಾಂತ್ಯದ ಹುಡುಗರು. ಚೀನೀ ಸೇನೆಯ ವಿರುದ್ಧ ಚುಶಿ ಗಂಗ್‌ಡ್ರುಕ್ ಎಂಬ ಹೆಸರಿನಲ್ಲಿ ದಂಗೆ ಎದ್ದಿದ್ದ ನಾಡಿನವರು. ಅವರಲ್ಲಿ ಕೆಲವರಿಗೆ ಮೊದಲು ವರ್ಜೀನಿಯಾದ ತಗ್ಗು ಪ್ರದೇಶದಲ್ಲಿ ತರಬೇತಿ ಕೊಟ್ಟಾಗ ಆ ಹವೆ ಅವರ ಮೈಗೆ ಒಗ್ಗಲಿಲ್ಲ. ಎತ್ತರದ, ತೆಳುಗಾಳಿಯ ಪ್ಯಾಂಡೋ ಒಗ್ಗಿತು. ಅದು ಅವರಿಗೆ ತಮ್ಮ ಊರಿನಂತೆಯೇ ಕಂಡಿತು. ತಾವಿರುವುದು ಅಮೆರಿಕದ ಯಾವ ಭಾಗವೆಂದು ಅವರಿಗೆ ತಿಳಿಸಿರಲಿಲ್ಲ. ಹೆಸರು ಗೊತ್ತಿಲ್ಲದ ಆ ಜಾಗಕ್ಕೆ ಅವರೇ ಒಂದು ಹೆಸರಿಟ್ಟುಕೊಂಡರು: ದುಮ್ರಾ. ಟಿಬೆಟಿನ ನುಡಿಯಲ್ಲಿ ಅದರ ಅರ್ಥ ತೋಟ.

1964ರವರೆಗೆ ಇನ್ನೂರಕ್ಕೂ ಹೆಚ್ಚು ಮಂದಿ ಅಲ್ಲಿ ನಕ್ಷೆ ಓದುವುದನ್ನು, ಮೋರ್ಸ್ ಸಂಕೇತದಲ್ಲಿ ರೇಡಿಯೊ ಸಂದೇಶ ಕಳಿಸುವುದನ್ನು, ಸೇತುವೆ ಉರುಳಿಸುವುದನ್ನು, ಪ್ಯಾರಾಚೂಟಿನಲ್ಲಿ ಇಳಿಯುವುದನ್ನು ಕಲಿತರು. 1961ರ ಡಿಸೆಂಬರ್‌ನಲ್ಲಿ ಅವರನ್ನು ವಿಮಾನಕ್ಕೆ ಸಾಗಿಸುತ್ತಿದ್ದ ಬಸ್ಸು ಹಿಮದಿಂದಾಗಿ ತಡವಾಗಿ, ಕೊಲರಾಡೊ ಸ್ಪ್ರಿಂಗ್ಸ್‌ನ ವಿಮಾನನಿಲ್ದಾಣದಲ್ಲಿ ಹಗಲು ಬೆಳಕಿನಲ್ಲಿಯೇ ವಿಮಾನ ಹತ್ತಿಸಬೇಕಾಯಿತು. ನೋಡಿದ ಕೆಲಸಗಾರರನ್ನು ಬಂದೂಕು ತೋರಿಸಿ ತಡೆದರು, ಬಾಯಿ ಬಿಡಬಾರದೆಂದು ಎಚ್ಚರಿಸಿದರು. ಸುದ್ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರ ಕಿವಿಗೂ ಬಿತ್ತು, ಆದರೆ ರಕ್ಷಣಾ ಇಲಾಖೆಯ ಕೋರಿಕೆಯ ಮೇರೆಗೆ ಅದರಲ್ಲಿ ಅಚ್ಚಾಗಲಿಲ್ಲ.

ಟಿಬೆಟಿನವರ ಯುದ್ಧದಲ್ಲಿ ರೀವಾದಂಥ ರಾತ್ರಿ ಇಲ್ಲ. ಅದಕ್ಕೆ ಹತ್ತಿರದ್ದೆಂದರೆ 1961ರ ಅಕ್ಟೋಬರ್‌ನ ಒಂದು ದಾಳಿ. ನೇಪಾಳದ ಮುಸ್ತಾಂಗ್ ನೆಲೆಯಿಂದ ಗಡಿ ದಾಟಿದ ಕುದುರೆ ಸವಾರರು ಚೀನೀ ಸೇನೆಯ ವಾಹನವೊಂದರ ಮೇಲೆ ಬಿದ್ದು ಅದರಲ್ಲಿದ್ದ ಚೀಲವನ್ನು ಹೊತ್ತು ತಂದರು. ರಕ್ತದ ಕಲೆಯೂ ಗುಂಡಿನ ತೂತೂ ಇದ್ದ ಆ ಚೀಲದಲ್ಲಿ 1,600ಕ್ಕೂ ಹೆಚ್ಚು ಗೋಪ್ಯ ಕಾಗದಪತ್ರಗಳಿದ್ದವು. ಚೀನಾದೊಳಗಿನ ಬರಗಾಲದ, ಸೈನಿಕರ ಕುಸಿದ ಮನೋಬಲದ ಚಿತ್ರವನ್ನು ಹೊರಜಗತ್ತು ಮೊದಲ ಸಲ ಸ್ಪಷ್ಟವಾಗಿ ಕಂಡದ್ದು ಅವುಗಳಲ್ಲಿ. ಅದರ ಬೆಲೆಯನ್ನೂ ಹೇಳಬೇಕು. 1957ರಿಂದ 1961ರವರೆಗೆ ಸಿಐಎ ವಿಮಾನದಿಂದ ಟಿಬೆಟಿನೊಳಕ್ಕೆ ಇಳಿಸಿದ 49 ಜನರಲ್ಲಿ ಜೀವಂತ ಉಳಿದವರು 12 ಮಂದಿ. ಅಮೆರಿಕ ಚೀನಾದ ಸ್ನೇಹ ಬಯಸಿದ ಕೂಡಲೇ ನೆರವು ನಿಂತಿತು, 1974ರಲ್ಲಿ ಮುಸ್ತಾಂಗ್ ನೆಲೆ ಮುಚ್ಚಿತು. ಶಸ್ತ್ರ ಕೆಳಗಿಡಿರೆಂದು ದಲೈ ಲಾಮಾ ಅವರ ದನಿಯನ್ನು ಟೇಪಿನಲ್ಲಿ ಕೇಳಿದ ಹಿರಿಯ ಯೋಧರು ಅತ್ತರು.

ನನಗೆ ಇದು ದೂರದ ಕಥೆಯಲ್ಲ. ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಬೈಲಕುಪ್ಪೆ. 1961ರಲ್ಲಿ, ದುಮ್ರಾದಲ್ಲಿ ಮೋರ್ಸ್ ಟಕಟಕಿಸುತ್ತಿದ್ದ ದಿನಗಳಲ್ಲೇ, ಮೈಸೂರು ಸರ್ಕಾರ ಕೊಟ್ಟ ಸುಮಾರು ಮೂರು ಸಾವಿರ ಎಕರೆ ಕಾಡುನೆಲದಲ್ಲಿ ಟಿಬೆಟಿನ ನಿರಾಶ್ರಿತರು ಮರ ಕಡಿದು ಮುಸುಕಿನ ಜೋಳ ಬಿತ್ತಲು ಶುರುಮಾಡಿದ್ದರು. 1962ರ ಯುದ್ಧದ ಹೊತ್ತಿನಲ್ಲಿ ಭಾರತ ಸರ್ಕಾರ ಇಂದಿನ ಉತ್ತರಾಖಂಡದ ಚಕ್ರಾತಾದಲ್ಲಿ ಕಟ್ಟಿದ ವಿಶೇಷ ಗಡಿ ಪಡೆಗೆ ಇಂಥ ವಸಾಹತುಗಳಿಂದಲೇ ಹುಡುಗರು ಸೇರಿದರು. ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಸ್ವೆಟರ್ ಮಾರುವವರೆಂದಷ್ಟೇ ನಮಗೆ ಅವರ ಪರಿಚಯವಿತ್ತು. ನಮ್ಮ ತಂದೆಯ ಹಾರ್ಡ್‌ವೇರ್ ಅಂಗಡಿಗೆ ಬೈಲಕುಪ್ಪೆಯ ಅಜ್ಜ ಒಬ್ಬರು ಹಗ್ಗ ಕೊಳ್ಳಲು ಬರುತ್ತಿದ್ದರು. ಮಾರಿನ ಲೆಕ್ಕದಲ್ಲಿ ಅಳೆದು ಕೊಟ್ಟ ನೈಲಾನ್ ಹಗ್ಗವನ್ನು ಅವರು ಹಾಗೆಯೇ ಸುತ್ತಿ ಚೀಲಕ್ಕೆ ಹಾಕುತ್ತಿರಲಿಲ್ಲ. ಅಂಗಡಿಯ ಕಂಬಕ್ಕೆ ಒಂದು ಗಂಟು ಹಾಕಿ, ಇಡೀ ಮೈಭಾರ ಬಿಟ್ಟು ಜಗ್ಗಿ, ಮತ್ತೆ ಒಂದೇ ಎಳೆತಕ್ಕೆ ಗಂಟು ಬಿಚ್ಚಿ ಕೈಗೆ ತೆಗೆದುಕೊಳ್ಳುತ್ತಿದ್ದರು. “ಅಜ್ಜ, ಈ ಗಂಟು ಎಲ್ಲಿ ಕಲಿತಿರಿ?” ಎಂದು ನಾನೊಮ್ಮೆ ಕೇಳಿದ್ದೆ. ಅವರು ನಕ್ಕು, ತಮ್ಮ ಮುರುಕು ಕನ್ನಡದಲ್ಲಿ, “ಬೆಟ್ಟದಲ್ಲಿ ಮಗಾ” ಎಂದಿದ್ದರು. ಯಾವ ಬೆಟ್ಟ ಎಂದು ಕೇಳಬೇಕೆಂಬುದು ಹತ್ತು ವರ್ಷದ ಹುಡುಗನಿಗೆ ಹೊಳೆಯಲಿಲ್ಲ.

ಟಿಬೆಟಿನವರ ನೆನಪಿಗೆ ಕ್ಯಾಂಪ್ ಹೇಲ್‌ನಲ್ಲಿ ಒಂದು ಫಲಕ ಬಂದದ್ದು 2010ರಲ್ಲಿ. ನನ್ನ ಮೂರನೆಯ ಭೇಟಿ ಅದನ್ನು ಹುಡುಕಿಕೊಂಡು. ಪರ್ವತ ಪಡೆಯ ಸ್ಮಾರಕದ ಮುಂದೆ ಕಾರುಗಳು ಸಾಲುಗಟ್ಟಿರುತ್ತವೆ. ಫಲಕದ ಬಳಿ ಆ ದಿನ ನಾನೊಬ್ಬನೇ ಇದ್ದೆ. ಎರಡು ಪಡೆಗಳೂ ಇದೇ ಬಂಡೆಗಳ ಕೆಳಗೆ ಇದೇ ತೆಳುಗಾಳಿ ಉಸಿರಾಡಿದವು. ಒಂದು ಗೆದ್ದು ಬಂದು ಈ ರಾಜ್ಯವನ್ನೇ ಕಟ್ಟಿತು. ಇನ್ನೊಂದಕ್ಕೆ ಮರಳಲು ಊರೇ ಉಳಿಯಲಿಲ್ಲ, ತಾನು ಕಲಿತದ್ದನ್ನು ಮಕ್ಕಳಿಗೆ ಹೇಳುವ ಅನುಮತಿಯೂ ದಶಕಗಳ ಕಾಲ ಇರಲಿಲ್ಲ. ಮೊದಲನೆಯವರ ಕೀರ್ತಿಯಲ್ಲಿ ಒಂದು ಅಕ್ಷರವನ್ನೂ ಕಡಿಮೆ ಮಾಡಬೇಕೆಂದು ನಾನು ಬಯಸುವುದಿಲ್ಲ. ಎರಡನೆಯವರ ಕಥೆಯನ್ನೂ ಅದೇ ದನಿಯಲ್ಲಿ ಹೇಳಬೇಕೆಂದು ಬಯಸುತ್ತೇನೆ, ವಿಶೇಷವಾಗಿ ಅವರ ನೆರೆಯವರಾದ ನಮ್ಮ ಭಾಷೆಯಲ್ಲಿ.

2022ರ ಅಕ್ಟೋಬರ್ 12ರಂದು ಅಧ್ಯಕ್ಷ ಬೈಡನ್ ಈ ಕಣಿವೆಯನ್ನೂ ಸುತ್ತಲಿನ ಬೆಟ್ಟಗಳನ್ನೂ ಸೇರಿಸಿ 53,804 ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಸೈನ್ಯಕ್ಕೂ ಮೊದಲು, ಬೇಸಿಗೆಯಲ್ಲಿ ಬೇಟೆಗೆಂದು ಇಲ್ಲಿಗೆ ಬರುತ್ತಿದ್ದ ಯೂಟ್ ಜನರ ನೆಲವಿದು. ಸಿಡಿಯದೆ ಉಳಿದ ಶೆಲ್‌ಗಳು ಮಣ್ಣಿನಲ್ಲಿರಬಹುದು, ಕಂಡದ್ದನ್ನು ಮುಟ್ಟಬೇಡಿ ಎಂಬ ಎಚ್ಚರಿಕೆಯ ಹಲಗೆಗಳು ಇನ್ನೂ ಇವೆ. ನದಿಗೆ ಅದರ ಹಳೆಯ ಬಳುಕುಗಳನ್ನೂ ಜೌಗನ್ನೂ ಮರಳಿ ಕೊಡಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಕಳೆದ ಸಲ ಹೋದಾಗ ಸೇತುವೆಯ ಮೇಲೆ ನಿಂತು ನೋಡಿದೆ. ನೀರು ನೆಟ್ಟಗೆಯೇ ಹೋಗುತ್ತಿತ್ತು. ಆದರೆ ಎಡದಂಡೆ ಒಂದು ಕಡೆ ಕುಸಿದಿತ್ತು, ಅಲ್ಲಿ ಜಲ್ಲಿ ಗುಡ್ಡೆಯಾಗಿತ್ತು, ನೀರು ಅದನ್ನು ಬಳಸಿಕೊಂಡು ಒಂದು ಮೊಳದಷ್ಟು ಬಲಕ್ಕೆ ಸರಿದು ಮುಂದೆ ಸಾಗುತ್ತಿತ್ತು.